ನಮ್ಮ ಜಗಲಿಗೆ ಬಂದ ಯೂನಿಯನ್ ಈಗ ನಮ್ಮ ಮಕ್ಕಳ ಹತ್ತಿರ ಹೋಗಬೇಕು

ಕಾಸರಗೋಡು ಜಿಲ್ಲೆಯ ಎಲ್ಲ ಕಾರ್ಮಿಕ ಸಂಘಗಳ ಮುಂದಾಳುಗಳಿಗೆ,

ನಮಸ್ಕಾರ.

ನಾನು ಬದಿಯಡ್ಕ ಕಡೆಯವಳು. ಬೀಡಿ ಕಟ್ಟುತ್ತೇನೆ. ವಯಸ್ಸು 56. ಯೂನಿಯನ್ ಮೆಂಬರ್ ಆಗಿ 37 ವರ್ಷ ಆಯಿತು. ಯಾವ ಬಾವುಟದ ಯೂನಿಯನ್ ಎಂದು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಈ ಪತ್ರ ನಿಮ್ಮೆಲ್ಲರಿಗೂ.

ಹೋದ ತಿಂಗಳು ನಮ್ಮ ಯೂನಿಟ್ ಮೀಟಿಂಗ್ ಇತ್ತು. 23 ಜನ ಬಂದಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳಿಗೆ 47 ವರ್ಷ. ಕೊನೆಗೆ "ಯುವ ಕಾರ್ಮಿಕರನ್ನು ಸಂಘಟನೆಗೆ ತರಬೇಕು" ಎಂದು ಒಂದು ತೀರ್ಮಾನ ಬರೆದುಕೊಂಡರು. ಈ ತೀರ್ಮಾನವನ್ನು ನಾನು ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಪ್ರತಿ ವರ್ಷ ನಮ್ಮ ವಯಸ್ಸು ಒಂದೊಂದು ಜಾಸ್ತಿ ಆಗುತ್ತದೆ, ಹೊಸಬರು ಒಬ್ಬರೂ ಬರುವುದಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಾಗಾಗಿ ಈ ಪತ್ರ.

ಮೊದಲು ಯೂನಿಯನ್ ನನ್ನ ಹತ್ತಿರ ಹೇಗೆ ಬಂತು ಎಂದು ಹೇಳುತ್ತೇನೆ.

1989. ನನಗೆ 19. ಬೆಳಿಗ್ಗೆ ಏಳುವುದು, ಹಿಂದಿನ ರಾತ್ರಿ ನೆನೆಸಿಟ್ಟ ಎಲೆಯನ್ನು ಅಚ್ಚಿಟ್ಟು ಕತ್ತರಿಸುವುದು, ತಡ್ಪೆ, ಅಂದರೆ ಮೊರ, ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂರುವುದು. ಸಂಜೆಯ ಒಳಗೆ ನಾನೊಬ್ಬಳೇ 800 ಬೀಡಿ ಕಟ್ಟುತ್ತಿದ್ದೆ. ಅಮ್ಮನದ್ದು ಬೇರೆ. ಬೀಡಿ ಕಂಪೆನಿಯ ಬ್ರಾಂಚಿಗೆ ಹೋದರೆ ಎರಡನ್ನೂ ಸೇರಿಸಿ ಅಮ್ಮನ ಪುಸ್ತಕದಲ್ಲಿ ಬರೆಯುತ್ತಿದ್ದರು. ನನ್ನ ಹೆಸರಲ್ಲಿ ಪುಸ್ತಕವೇ ಇರಲಿಲ್ಲ. ಪುಸ್ತಕ ಇಲ್ಲದಿದ್ದರೆ ಪಿ.ಎಫ್. ಇಲ್ಲ, ಬೋನಸ್ ಇಲ್ಲ. ಲೆಕ್ಕದಲ್ಲಿ ನಾನು ಕೆಲಸದವಳೇ ಅಲ್ಲ. ಅದು ತಪ್ಪು ಎಂದೂ ನಮಗೆ ಗೊತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಒಂದು ದಿನ ಸೈಕಲ್‌ನಲ್ಲಿ ಒಬ್ಬರು ಬಂದರು. ಸೈಕಲನ್ನು ಕಂಗಿನ (ಅಡಿಕೆ) ಮರಕ್ಕೆ ಒರಗಿಸಿ ಜಗಲಿಯ ಮೇಲೆ ಕೂತರು. ಅಮ್ಮ ಬೆಲ್ಲ ನೀರು ಕೊಟ್ಟಳು. ಅವರು ಭಾಷಣ ಮಾಡಲಿಲ್ಲ, ರಾಜಕೀಯ ಎತ್ತಲಿಲ್ಲ. ತುಳುವಿನಲ್ಲೇ ಮಾತಾಡಿದರು. ಅಮ್ಮನ ಪುಸ್ತಕ ಕೇಳಿ ಪುಟ ತಿರುಗಿಸಿ ನೋಡಿದರು. ಆಮೇಲೆ ನನ್ನ ತಡ್ಪೆ ನೋಡಿ, "ಅಕ್ಕಾ, ಇವಳ ಪುಸ್ತಕ ಎಲ್ಲಿ?" ಎಂದು ಕೇಳಿದರು.

ಅಷ್ಟೇ. ನನ್ನ ಬಗ್ಗೆ ಹಾಗೆ ಒಂದು ಪ್ರಶ್ನೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆಮೇಲೆ ಏಳು ತಿಂಗಳು ಓಡಾಟ. ಬ್ರಾಂಚಿನ ಎದುರು ನಾವು 30 ಹೆಂಗಸರು ಎರಡು ಸಲ ಕೂತೆವು. ಕೊನೆಗೆ ನನ್ನ ಹೆಸರಲ್ಲಿ ಪುಸ್ತಕ ಬಂತು. ನನ್ನ ಮದುವೆಯ ಹೊತ್ತಿಗೆ, ಮಗಳು ಹುಟ್ಟಿದಾಗ, ಮನೆಗೆ ಹಂಚು ಹಾಕಿಸಿದಾಗ ಆ ಪುಸ್ತಕ ನನ್ನ ಕೈ ಹಿಡಿದಿದೆ. ಈಗಲೂ ಅದನ್ನು ಟ್ರಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ.

ಈಗ ಮಗಳ ವಿಷಯ. ಅವಳು ಕಾಸರಗೋಡು ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮನೆ ಸೇರುವಾಗ ರಾತ್ರಿ ಒಂಬತ್ತು. ಬಂದವಳೇ ಬಾಲ್ದಿಯಲ್ಲಿ ಬಿಸಿನೀರು ಹಾಕಿ ಕಾಲು ಇಳಿಬಿಟ್ಟು ಕೂರುತ್ತಾಳೆ. ಪಾದ ಬೀಗಿ ಚಪ್ಪಲಿಯ ಪಟ್ಟಿಯ ಗುರುತು ಹಾಗೇ ಇರುತ್ತದೆ. 24 ವರ್ಷದ ಹುಡುಗಿ. ಅಂಗಡಿಯಲ್ಲಿ ಒಂದು ಸ್ಟೂಲು ಇದೆಯಂತೆ, ಟ್ರಯಲ್ ರೂಮಿನ ಬದಿಯಲ್ಲಿ. ಅದರ ಮೇಲೆ ಯಾವಾಗಲೂ ಸೀರೆಯ ಪೆಟ್ಟಿಗೆ ಇಟ್ಟಿರುತ್ತಾರೆ. ಪೆಟ್ಟಿಗೆ ತೆಗೆದು ಕೂತ ಒಬ್ಬಳಿಗೆ ಕ್ಯಾಮರಾ ನೋಡಿ ಮೇಲಿನಿಂದ ಫೋನು ಬಂತಂತೆ.

ಕೂರುವುದು ಅವಳ ಹಕ್ಕು. ಇದು ನನಗೆ ಗೊತ್ತಾದದ್ದು ತಡವಾಗಿ. ಕಲ್ಲಿಕೋಟೆಯ ಮಿಠಾಯಿ ತೆರುವಿನಲ್ಲಿ ಬಟ್ಟೆ ಅಂಗಡಿಯ ಹೆಂಗಸರು ಕೂರಲು ಜಾಗ ಬೇಕು, ಶೌಚಾಲಯ ಬೇಕು ಎಂದು ವರ್ಷಗಟ್ಟಲೆ ಹೋರಾಡಿದರು. ಮುಂದೆ ನಿಂತವರು ಪಿ. ವಿಜಿ, ಟೈಲರಿಂಗ್ ಕೆಲಸದವರು. ಹಳೆಯ ದೊಡ್ಡ ಯೂನಿಯನ್‌ಗಳ ಹೊರಗೆ ತಮ್ಮದೇ ಗುಂಪು ಕಟ್ಟಿಕೊಂಡು ಅವರು ಅಷ್ಟು ದೂರ ಬಂದರು. 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾನೂನನ್ನೇ ತಿದ್ದಿತು. ಕೆಲಸದ ನಡುವೆ ಕೂರಲು ವ್ಯವಸ್ಥೆ ಮಾಡಲೇಬೇಕು ಎಂದಾಯಿತು. ಎಷ್ಟು ದೊಡ್ಡ ವಿಷಯ ಅಲ್ವಾ? ಆದರೆ ಕಾನೂನು ಬಂದು ಇಷ್ಟು ವರ್ಷ ಆದರೂ ನನ್ನ ಮಗಳಿಗೆ ಅದನ್ನು ಹೇಳಿದ ಯೂನಿಯನ್ ಇಲ್ಲ. ಬೀಡಿ ಕಟ್ಟುವ ಅಮ್ಮ ಹೇಳಬೇಕಾಯಿತು.

"ನೀನು ಯೂನಿಯನ್ ಸೇರಬಾರದಾ?" ಎಂದು ಅವಳನ್ನು ಕೇಳಿದೆ. "ಯಾವ ಯೂನಿಯನ್ ಅಮ್ಮ? ಯೂನಿಯನ್ ಅಂದ್ರೆ ಲೋಡಿಂಗ್‌ನವರದ್ದು ಅಲ್ವಾ? ನಮ್ಮನ್ನು ಯಾರು ಕೇಳಿದ್ದಾರೆ?" ಎಂದಳು.

ಈ ಮಾತನ್ನು ನೀವು ಸಿಟ್ಟಿಲ್ಲದೆ ಕೇಳಬೇಕು. ನಮ್ಮ ಮಕ್ಕಳ ಕಣ್ಣಿಗೆ ಬಿದ್ದ ಯೂನಿಯನ್ ಯಾವುದು? ಬಂದ್ ದಿನ ಬಸ್ಸು ನಿಲ್ಲಿಸುವ ಯೂನಿಯನ್. ಮನೆ ಕಟ್ಟುವವರ ಹತ್ತಿರ ಕೆಲಸ ಮಾಡದೆ ನೋಡಿದ್ದಕ್ಕೆ ಕೂಲಿ ಕೇಳುವ ಯೂನಿಯನ್. ಆ ನೋಕ್ಕುಕೂಲಿಯನ್ನು 2018ರ ಮೇ 1ರಿಂದ ಸರಕಾರ ನಿಷೇಧ ಮಾಡಿತು. ಅದನ್ನು ನಾವೇ, ಯೂನಿಯನ್‌ನವರೇ, ಮೊದಲು ನಿಲ್ಲಿಸಬೇಕಿತ್ತು. ಹೊರೆ ಹೊರುವವರ ಬೆನ್ನುನೋವು ನನಗೆ ಗೊತ್ತು, ನನ್ನ ಭಾವನೇ ಆ ಕೆಲಸದಲ್ಲಿದ್ದವರು. ಕೇರಳದಲ್ಲಿ ಅವರಿಗಾಗಿ ಬೇರೆಯೇ ಕಾನೂನು ಬಂದದ್ದು ಹೋರಾಟದಿಂದ. ಆದರೆ ಕೆಲವರ ಜೋರಿನಿಂದ ಎಲ್ಲರ ಹೆಸರು ಕೆಟ್ಟಿತು. ನಮ್ಮ ಮಕ್ಕಳು ಯೂನಿಯನ್ ಎಂದ ಕೂಡಲೇ ಮುಖ ತಿರುಗಿಸುವುದರಲ್ಲಿ ಅದರ ಪಾಲೂ ಇದೆ. ಅದನ್ನು ಒಪ್ಪಿಕೊಂಡು ಮಾತು ಶುರು ಮಾಡಿದರೆ ಅವರು ಕೇಳುತ್ತಾರೆ.

ಈಗಿನ ಹುಡುಗರಿಗೆ ಆಸಕ್ತಿ ಇಲ್ಲ, ಮೊಬೈಲ್ ಬಿಟ್ಟರೆ ಬೇರೆ ಗೊತ್ತಿಲ್ಲ ಎಂದು ಮೀಟಿಂಗ್‌ನಲ್ಲಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನನ್ನ ತಂಗಿಯ ಮಗ ಹೊಸಂಗಡಿಯಲ್ಲಿ ಇರುವುದು. ದಿನಾ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. ಹೋದ ಮಳೆಗಾಲ ತೊಕ್ಕೊಟ್ಟಿನ ಹತ್ತಿರ ಸ್ಕೂಟರ್ ಜಾರಿ ಬಿದ್ದ. ಮೊಣಕೈ ಕಿತ್ತುಹೋಗಿತ್ತು. ಊಟ ತಲುಪಲಿಲ್ಲ ಎಂದು ಗಿರಾಕಿ ದೂರು ಕೊಟ್ಟರು, ಅವನ ಐ.ಡಿ. ಬ್ಲಾಕ್ ಆಯಿತು. ಯಾರನ್ನು ಕೇಳುವುದು? ಆಫೀಸು ಇಲ್ಲ, ಮ್ಯಾನೇಜರ್ ಇಲ್ಲ. ಫೋನಿನಲ್ಲಿ ಒಂದು ಮೆಸೇಜು, ಅಷ್ಟೇ.

ಆಗ ಏನಾಯಿತು ಗೊತ್ತಾ? ಅವರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಇವನ ಕೈಯ ಫೋಟೋ ಹಾಕಿದರು. ಮಾರನೇ ರಾತ್ರಿ, ಒಳ್ಳೆ ಆರ್ಡರ್ ಬರುವ ಹೊತ್ತಿನಲ್ಲಿ, 20 ಹುಡುಗರು ಆ್ಯಪ್ ಬಂದ್ ಮಾಡಿ ಒಂದು ಹೋಟೆಲಿನ ಎದುರಿನ ಕಟ್ಟೆಯಲ್ಲಿ ಕೂತರು. ಆವತ್ತಿನ ದುಡಿಮೆ ಬಿಟ್ಟು ಕೂತರು. ಅದರಲ್ಲಿ ಉಪ್ಪಳದ ಬ್ಯಾರಿ ಹುಡುಗರಿದ್ದರು, ಉತ್ತರ ಕರ್ನಾಟಕದಿಂದ ಬಂದವರಿದ್ದರು, ಹೆಸರೂ ಗೊತ್ತಿಲ್ಲದವರಿದ್ದರು. ಮೂರು ದಿನದಲ್ಲಿ ಐ.ಡಿ. ವಾಪಸ್ ಬಂತು. ಆ ಹುಡುಗರು ಇದಕ್ಕೆ ಮುಷ್ಕರ ಎಂದು ಹೆಸರಿಡಲಿಲ್ಲ. "ಸುಮ್ನೆ ಎಲ್ಲ ಒಟ್ಟಿಗೆ ಕೂತೆವು ದೊಡ್ಡಮ್ಮ" ಎಂದ ನನ್ನ ಹತ್ತಿರ. ಬ್ರಾಂಚಿನ ಎದುರು ನಾವು 30 ಹೆಂಗಸರು ಮಾಡಿದ್ದೂ ಅದನ್ನೇ!

ಆ ಕಟ್ಟೆಯ ಹತ್ತಿರ ಆ ರಾತ್ರಿ ನಿಮ್ಮಲ್ಲಿ ಒಬ್ಬರು ಇದ್ದಿದ್ದರೆ ಎಂದು ನನಗೆ ಅನಿಸುತ್ತದೆ. ಕರ್ನಾಟಕದಲ್ಲಿ 2025ರಲ್ಲಿ ಇಂಥ ಹುಡುಗರಿಗಾಗಿಯೇ ಕಾನೂನು ಬಂದಿದೆ. ಪ್ರತಿ ಆರ್ಡರಿನಲ್ಲಿ ಅವರಿಗೆ ಸಿಗುವ ಹಣದ ಮೇಲೆ 1ರಿಂದ 5 ಶೇಕಡದವರೆಗೆ ಕಂಪೆನಿಯಿಂದ ಕ್ಷೇಮನಿಧಿಗೆ ಹೋಗಬೇಕು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು 14 ದಿನ ಮೊದಲೇ ತಿಳಿಸಬೇಕು. ಇದು ನನ್ನ ತಂಗಿಯ ಮಗನಿಗೆ ಗೊತ್ತೇ ಇರಲಿಲ್ಲ. ಅವನು ಮಲಗುವುದು ಕೇರಳದಲ್ಲಿ, ದುಡಿಯುವುದು ಕರ್ನಾಟಕದಲ್ಲಿ. ಇಲ್ಲಿನ ಯೂನಿಯನ್ ಅವನನ್ನು ಮಂಗಳೂರಿನವರು ನೋಡಿಕೊಳ್ಳಲಿ ಎನ್ನುತ್ತದೆ. ಮಂಗಳೂರಿನವರಿಗೆ ಅವನು ಕೇರಳದವನು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಇದರ ಬಿಸಿ ನಾವು ನೋಡಿದ್ದೇವೆ. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಆಚೆ ಹೋಗಿ ದುಡಿಯುತ್ತಿದ್ದ ನಮ್ಮ ಮಕ್ಕಳ ಕೆಲಸ ಹೋದದ್ದು ಯಾರಿಗೂ ಅಷ್ಟು ನೆನಪಿಲ್ಲ. ಗಡಿಯ ಎರಡೂ ಬದಿಯ ಯೂನಿಯನ್‌ನವರು ಒಟ್ಟಿಗೆ ಕೂತು, ದಾಟಿ ಹೋಗುವ ಕೆಲಸಗಾರರಿಗೆಂದೇ ಒಂದು ಸಮಿತಿ ಮಾಡಬೇಕು. ಅವರ ಬಾವುಟವೂ ನಿಮ್ಮ ಬಾವುಟವೂ ಒಂದೇ ತಾನೇ?

ಇನ್ನು ಭಾಷೆಯ ಮಾತು. ಇದನ್ನು ಹೇಳುವಾಗ ಮನಸ್ಸಿಗೆ ನೋವಾಗುತ್ತದೆ. ಆದರೂ ಹೇಳಲೇಬೇಕು.

2025ರ ಜುಲೈ 9ರ ಅಖಿಲ ಭಾರತ ಮುಷ್ಕರದ ನೋಟೀಸು ನಮ್ಮ ಮನೆಗೆ ಬಂತು. ಪೂರ್ತಿ ಮಲಯಾಳದಲ್ಲಿ. ನನ್ನ ಮಗಳು ಓದಿದ್ದು ಕನ್ನಡ ಮೀಡಿಯಂ ಶಾಲೆಯಲ್ಲಿ. ಮಲಯಾಳ ಮಾತಾಡುತ್ತಾಳೆ, ಗಿರಾಕಿಗಳ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾಳೆ. ಆದರೆ ಆ ನೋಟೀಸಿನಲ್ಲಿದ್ದ ಕಾನೂನಿನ ಶಬ್ದಗಳು ಅವಳಿಗೆ ಹತ್ತಲಿಲ್ಲ. ಒಂದು ಸಲ ಕಣ್ಣಾಡಿಸಿ ಫ್ರಿಜ್ಜಿನ ಮೇಲಿಟ್ಟಳು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಆಗಿರಬಹುದು! ಇಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರು ಎಷ್ಟೊಂದು ಜನ ಇದ್ದಾರೆ. ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಕೋಡ್‌ಗಳು, ಅಂದರೆ ಹಳೆಯ ಕಾರ್ಮಿಕ ಕಾನೂನುಗಳ ಬದಲಿಗೆ ಮಾಡಿದ ಹೊಸ ಕಾನೂನುಗಳು, 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅದರ ವಿರುದ್ಧ ನೀವು ಮೆರವಣಿಗೆ ಮಾಡಿದಿರಿ. ನಾನೂ ಬಂದಿದ್ದೆ, ಘೋಷಣೆ ಕೂಗಿದ್ದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು ಎಂದು ಎಲ್ಲ ಕಾರ್ಖಾನೆಗಳಿಗೂ ಕಟ್ಟು ಹಾಕಿದರೆ ಕೆಲಸಗಾರರ ಕೈ ಕಟ್ಟಿದ ಹಾಗೇ. ಅದನ್ನು ವಿರೋಧಿಸಲೇಬೇಕು. ಆದರೆ ಅದೇ ನಾಲ್ಕು ಕೋಡ್‌ಗಳಲ್ಲಿ ಇನ್ನೊಂದರಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಪತ್ರ ಕೊಡಬೇಕು ಎಂದೂ ಇದೆ. ನನ್ನ ಮಗಳ ಹತ್ತಿರ ಆ ಪತ್ರ ಇಲ್ಲ. ಅದನ್ನು ಕೇಳಿ ಪಡೆಯಬಹುದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟಿದ್ದರೆ ಆ ಕಾಗದ ಫ್ರಿಜ್ಜಿನ ಮೇಲೆ ಉಳಿಯುತ್ತಿರಲಿಲ್ಲ.

ಸೈಕಲ್‌ನಲ್ಲಿ ಬಂದವರು ನಮ್ಮ ಜೊತೆ ತುಳು ಮಾತಾಡಿದ್ದಕ್ಕೇ ಅಮ್ಮ ಪುಸ್ತಕ ಕೊಟ್ಟದ್ದು.

ಹೊತ್ತಿನದ್ದೂ ಅದೇ ಕಥೆ. ಮೀಟಿಂಗ್ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಅಂಗಡಿಯ ಹುಡುಗಿ ಹೇಗೆ ಬರುತ್ತಾಳೆ? ಸೀತಾಂಗೋಳಿಯ, ಅನಂತಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಇರುವವರು ಹೇಗೆ ಬರುತ್ತಾರೆ? ರಜೆ ಹಾಕಿದರೆ ಸಂಬಳ ಕಟ್. ರಾತ್ರಿ ಏಳೂವರೆಯಿಂದ ಎಂಟರ ನಡುವೆ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ನೀವು ಒಮ್ಮೆ ನಿಂತು ನೋಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಬಸ್ಸಿಗೆ ಕಾಯುವವರಲ್ಲಿ ಹೆಚ್ಚಿನವರು ಅಂಗಡಿ, ಆಸ್ಪತ್ರೆ, ಹೋಟೆಲ್ ಕೆಲಸದ ಮಕ್ಕಳು. ನೀವು ಹುಡುಕುವ ಯುವ ಕಾರ್ಮಿಕರು ದಿನಾ ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಿರುತ್ತಾರೆ. ಬಾವುಟ ಬೇಡ, ಮೈಕ್ ಬೇಡ. ಒಂದು ಮೇಜು, ಎರಡು ಕುರ್ಚಿ, ಲೆಕ್ಕ ಬಲ್ಲ ಒಬ್ಬರು ಸಾಕು. "ನಿನ್ನ ಸಂಬಳದ ಸ್ಲಿಪ್ ತೋರಿಸು ಮಗಾ" ಎಂದು ಕೇಳಿ.

ಸ್ಲಿಪ್ಪೇ ಯಾಕೆ ಎಂದರೆ, ಮಕ್ಕಳಿಗೆ ತಮ್ಮ ಹಕ್ಕು ಮೊದಲು ಕಾಣುವುದು ಅಲ್ಲೇ. ಮಗಳ ಜೊತೆಗಿರುವ ಒಬ್ಬಳಿಗೆ ತಿಂಗಳಿಗೆ 12,000 ಸಂಬಳ. 90 ರೂಪಾಯಿ ಇ.ಎಸ್.ಐ. (ಕೆಲಸಗಾರರ ಆರೋಗ್ಯ ವಿಮೆ) ಎಂದು ಹಿಡಿಯುತ್ತಾರೆ. ಸಂಬಳದ 0.75 ಶೇಕಡ, ಲೆಕ್ಕ ಸರಿಯಾಗಿದೆ. ಅದರ ಮೇಲೆ ಮಾಲೀಕರು 3.25 ಶೇಕಡ ಹಾಕಬೇಕು, ಅಂದರೆ 390 ರೂಪಾಯಿ. ಆದರೆ ಅವಳ ಹತ್ತಿರ ಇ.ಎಸ್.ಐ. ನಂಬರೇ ಇಲ್ಲ! ಜ್ವರ ಬಂದು ಐದು ದಿನ ಮಲಗಿದಾಗ ಖಾಸಗಿ ಡಾಕ್ಟರಿಗೆ ಕೈಯಿಂದ ಕೊಟ್ಟಳು. ಹಿಡಿದ 90 ರೂಪಾಯಿ ಎಲ್ಲಿಗೆ ಹೋಯಿತು? ನಮ್ಮ ಜಗಲಿಯಲ್ಲಿ ಕೂತು ಇಬ್ಬರೂ ಆ ಸ್ಲಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಹುಡುಗಿಯ ಕಣ್ಣಲ್ಲಿ ಬಂದ ಸಿಟ್ಟು ನಾನು ನೋಡಿದೆ. 1989ರಲ್ಲಿ ನನಗೂ ಹಾಗೇ ಬಂದಿತ್ತು. ಯಾವ ಭಾಷಣದಿಂದಲೂ ಆ ಸಿಟ್ಟು ಬರುವುದಿಲ್ಲ.

ಮಕ್ಕಳಿಗೆ ನಮ್ಮ ಹಳೆಯ ಕಥೆಗಳನ್ನೂ ಹೇಳಬೇಕು, ಅವರಿಗೆ ಹಿಡಿಸುವ ಹಾಗೆ. ಬ್ರಿಟಿಷರ ಕಾಲದ ರೈತ ಹೋರಾಟದಲ್ಲಿ ಕಯ್ಯೂರಿನ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಪ್ರತಿ ವರ್ಷ ಹಾರ ಹಾಕುತ್ತೇವೆ. ಅವರು ರೈತಸಂಘದ ಹುಡುಗರು, ಎಳೇ ಪ್ರಾಯದವರು ಎಂದು ನಾವು ಹೇಳುವುದು ಕಡಿಮೆ. ಅವರ ಜೊತೆ ಶಿಕ್ಷೆಯಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಗಲ್ಲಿನಿಂದ ಉಳಿದದ್ದು ಇನ್ನೂ ಪ್ರಾಯಕ್ಕೆ ಬಂದಿಲ್ಲ ಎಂಬ ಕಾರಣಕ್ಕೆ. ಆ ವಯಸ್ಸಿನವರನ್ನು ಅಂದಿನ ಸಂಘ ಮುಂದೆ ನಿಲ್ಲಿಸಿತ್ತು. ಇಂದು ನಮ್ಮ ಯೂನಿಟ್ ಸಮಿತಿಯಲ್ಲಿ 40ರ ಒಳಗಿನವರು ಒಬ್ಬರಾದರೂ ಇದ್ದಾರಾ?

ಬೀಡಿಯವರ ಕಥೆ ಇನ್ನೊಂದು. 1966ರ ಬೀಡಿ ಕಾರ್ಮಿಕರ ಕಾನೂನನ್ನು ಕೇರಳ ಜಾರಿ ಮಾಡಿದಾಗ, 1968ರಲ್ಲಿ, ಮಂಗಳೂರಿನ ದೊಡ್ಡ ಕಂಪೆನಿಗಳು ಇಲ್ಲಿನ ಕೆಲಸ ನಿಲ್ಲಿಸಿದವು. ಸುಮಾರು 12,000 ಜನ ಬೀದಿಗೆ ಬಿದ್ದರು. ಮರುವರ್ಷವೇ ಅವರು ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಒಂದು ಕಾಲಕ್ಕೆ ಅಲ್ಲಿ 40 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಕೆಲಸದ ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಪೇಪರ್ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು. ಓದುವವರ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುವುದು. ಈ ಪದ್ಧತಿ ದಿನೇಶ್‌ಗಿಂತ ಮೊದಲೇ ಬೀಡಿಯವರಲ್ಲಿತ್ತು. ಬೀಡಿ ಸೇದುವವರು ಕಡಿಮೆಯಾದಾಗ ದಿನೇಶ್‌ನವರು ಕೈಕಟ್ಟಿ ಕೂರಲಿಲ್ಲ, ಕೊಡೆ, ತೆಂಗಿನ ಹಾಲು ಎಂದು ಬೇರೆ ಕೆಲಸ ಹುಡುಕಿದರು. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ಪೇಪರ್ ಓದುವ ಮಾತಿಗೇ ನಿಂತಳು. "ಅಮ್ಮ, ನಮ್ಮ ಗ್ರೂಪಲ್ಲಿ ಒಬ್ಬಳು ದಿನಾ ರಾತ್ರಿ ಕಾನೂನಿನ ಒಂದು ವಿಷಯ ವಾಯ್ಸ್ ಮೆಸೇಜ್ ಮಾಡಬಹುದಲ್ವಾ?" ಎಂದಳು. ಅದು ಅವಳದ್ದೇ ಯೋಚನೆ.

ವಿದ್ಯುತ್ ಯಂತ್ರ ಮಾಡುವ ಬೆದ್ರಡ್ಕದ ಕೆಲ್ ಕಾರ್ಖಾನೆಯದ್ದು ಹತ್ತಿರದ್ದೇ ಕಥೆ. ಅದು ಕೇಂದ್ರ ಸರಕಾರದ ಭೆಲ್ ಕಂಪೆನಿಯ ಕೈಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ, ಬಾಗಿಲು ಮುಚ್ಚಿತು. ಬೇರೆ ಬೇರೆ ಬಾವುಟದ ಯೂನಿಯನ್‌ಗಳು ಒಟ್ಟಿಗೆ ಧರಣಿ ಕೂತವು. ರಾಜ್ಯ ಸರಕಾರ ಅದನ್ನು ವಾಪಸ್ ತೆಗೆದುಕೊಂಡು 2022ರ ಏಪ್ರಿಲ್ 1ರಂದು ತೆರೆಯಿತು. ನಮ್ಮದೇ ಜಿಲ್ಲೆಯಲ್ಲಿ ಗೆದ್ದ ಹೋರಾಟ. ಪೇಟೆಯ ಎಷ್ಟು ಹುಡುಗರಿಗೆ ಇದು ಗೊತ್ತು?

ಹುಡುಗರು ಬಂದ ಮೇಲೆ ಅವರನ್ನು ಏನು ಮಾಡುತ್ತೀರಿ ಎಂಬುದೂ ಮುಖ್ಯ. ಕುರ್ಚಿ ಜೋಡಿಸಲು, ಬ್ಯಾನರ್ ಕಟ್ಟಲು, ಬೈಕ್ ರ‍್ಯಾಲಿಗೆ ಮಾತ್ರ ಕರೆದರೆ ಎರಡನೇ ಸಲ ಬರುವುದಿಲ್ಲ. 18 ತುಂಬಿದವರು ಯೂನಿಯನ್ ಪದಾಧಿಕಾರಿ ಆಗಬಹುದು ಎಂದು ಕಾನೂನೇ ಹೇಳುತ್ತದೆ. ಅವರಿಗೆ ಲೆಕ್ಕದ ಪುಸ್ತಕ ಕೊಡಿ. ಲೇಬರ್ ಆಫೀಸಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಮಾತಾಡಲು ಬಿಡಿ. ತಪ್ಪು ಮಾಡಲಿ, ನಾವೂ ಮಾಡಿದ್ದೇವೆ. ನನ್ನನ್ನು ಮೊದಲ ಸಲ ಆಫೀಸಿಗೆ ಕರೆದುಕೊಂಡು ಹೋದಾಗ ಗಂಟಲು ಒಣಗಿ ಒಂದು ಮಾತೂ ಬರಲಿಲ್ಲ. ಎರಡನೇ ಸಲ ನಾನೇ ಮಾತಾಡಿದೆ.

ಮತ್ತೊಂದು, ದಯವಿಟ್ಟು ಅವರ ಭಯವನ್ನು ಸಣ್ಣದು ಮಾಡಬೇಡಿ. ಒಬ್ಬಳು ಹುಡುಗಿ ಕೆಲಸ ಕಳೆದುಕೊಂಡರೆ ಅಂಗಡಿಯಿಂದ ಅಂಗಡಿಗೆ ಸುದ್ದಿ ಹೋಗುತ್ತದೆ, ಆಮೇಲೆ ಪೇಟೆಯಲ್ಲಿ ಎಲ್ಲೂ ಕೆಲಸ ಸಿಗುವುದಿಲ್ಲ. ಅವರ ಹೆಸರು ಮೊದಲು ಹೊರಗೆ ಬರಬಾರದು. ನಿಮ್ಮ ಹೆಸರಲ್ಲಿ ಅರ್ಜಿ ಹೋಗಲಿ. ಸಾಕಷ್ಟು ಜನ ಆದ ಮೇಲೆ ಅವರು ಮುಂದೆ ಬರುತ್ತಾರೆ. ಇದರಲ್ಲಿ ನಿಮ್ಮೊಳಗಿನ ಪೈಪೋಟಿ ಬೇಡ. ಒಬ್ಬಳು ಸಹಾಯ ಕೇಳಿದಳು ಎಂದು ಮೂರು ಯೂನಿಯನ್‌ನವರು ಮೂರು ಚಂದಾ ಪುಸ್ತಕ ಹಿಡಿದು ಬಂದರೆ ಅವಳು ಓಡಿಹೋಗುತ್ತಾಳೆ. ಬೆದ್ರಡ್ಕದಲ್ಲಿ ಒಟ್ಟಿಗೆ ಕೂತವರು ಬಸ್‌ಸ್ಟ್ಯಾಂಡಿನಲ್ಲೂ ಒಟ್ಟಿಗೆ ಕೂರಬಹುದು.

ಸದ್ಯಕ್ಕೆ ಒಂದು ಕೆಲಸ ನಾವೇ ಶುರು ಮಾಡಿದ್ದೇವೆ. ಬರುವ ತಿಂಗಳಿನ ಎರಡನೇ ಭಾನುವಾರ, ಸಂಜೆ ನಾಲ್ಕಕ್ಕೆ, ಮಗಳ ಜೊತೆ ಕೆಲಸ ಮಾಡುವ ಆರು ಹುಡುಗಿಯರು ನಮ್ಮ ಮನೆಗೆ ಬರುತ್ತಾರೆ. ಸ್ಲಿಪ್ ಇರುವವರು ಸ್ಲಿಪ್ ತರುತ್ತಾರೆ, ಇಲ್ಲದವರು ಫೋನಿನಲ್ಲಿ ಬ್ಯಾಂಕಿನ ಮೆಸೇಜ್ ತೋರಿಸುತ್ತಾರೆ. ತಂಗಿಯ ಮಗನೂ ಇಬ್ಬರನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ. ನನಗೆ ಬೀಡಿಯ ಲೆಕ್ಕ ಗೊತ್ತು, ಇ.ಎಸ್.ಐ., ಪಿ.ಎಫ್. ಫಾರಂ ತುಂಬಲು ಬರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ. ಕನ್ನಡವೋ ತುಳುವೋ ಬಲ್ಲವರಾದರೆ ಒಳ್ಳೆಯದು. ನಮ್ಮ ಯೂನಿಟ್ ಸೆಕ್ರೆಟರಿಯವರನ್ನು ಕೇಳಿದರೆ ಮನೆ ತೋರಿಸುತ್ತಾರೆ. ಜಗಲಿಯಲ್ಲಿ ಚಾಪೆ ಹಾಸಿರುತ್ತೇನೆ.

ಇತಿ,
ಬದಿಯಡ್ಕ ಕಡೆಯ ಒಬ್ಬ ಬೀಡಿ ಕೆಲಸದವಳು